ನೆರೆಗೊಂದು ಹೇಳಿಕೆ

ಮನೆತನದಲ್ಲಿ ಮೊತ್ತಮೊದಲು ಪದವಿ ಪಡೆದವರಿಗೆ ಭಾಷೆಯೆಂಬುದು ಬೇರೆಯವರ ಮನೆಯ ಗಾಜಿನ ಲೋಟವಿದ್ದಂತೆ. ಎರಡೂ ಕೈಗಳಲ್ಲಿ ಹಿಡಿದು, ಎಲ್ಲಿ ಜಾರೀತೋ ಎಂದು ಹೆದರಿ, ಕೊನೆಗೆ ಒಳಗಿದ್ದುದು ಚಹವೋ ಕಷಾಯವೋ ತಿಳಿಯದೆಯೇ ಕೆಳಗಿಡುತ್ತೇವೆ. ನಾನಂತೂ ಬಸ್ಸಿನಲ್ಲಿ ನಿರ್ವಾಹಕನಿಗೆ 'ಕೋಟೇಶ್ವರ' ಎನ್ನುವ ಮೊದಲು, 'ಕೋಟೇಶ್ವರಕ್ಕೆ' ಎನ್ನಬೇಕೋ 'ಕೋಟೇಶ್ವರದವರೆಗೆ' ಎನ್ನಬೇಕೋ ಎಂದು ಮನಸ್ಸಿನಲ್ಲಿ ತೂಗಿ ನೋಡುವವಳು. ತೂಗಿ ಮುಗಿಯುವಷ್ಟರಲ್ಲಿ ಬಸ್ಸು ಕೋಟೇಶ್ವರವನ್ನು ದಾಟಿದ ಉದಾಹರಣೆಯೂ ಉಂಟು. ಅಕಸ್ಮಾತ್ ನಾನು ಹೊಳೆಗೆ ಬಿದ್ದೆನೆಂದಿಟ್ಟುಕೊಳ್ಳಿ. 'ಕಾಪಾಡಿ' ಎನ್ನುವುದು ಉಚಿತವೋ 'ರಕ್ಷಿಸಿ' ಎನ್ನುವುದು ಉಚಿತವೋ ಎಂದು ನಿರ್ಧರಿಸುವ ಹೊತ್ತಿಗೆ ಸಾಕಷ್ಟು ನೀರು ಕುಡಿದಿರುತ್ತೇನೆ. ಇಂಥವಳನ್ನು ಹುಡುಕಿ ಹುಡುಕಿ ತುರ್ತು ಪರಿಸ್ಥಿತಿಯ ಪೂರ್ವಸಿದ್ಧತೆಯ ಕೆಲಸಕ್ಕೆ ಹಾಕಿದರು. ನನ್ನ ಕನ್ನಡ ಶುದ್ಧವಾಗಿದೆ ಎಂಬುದೇ ಅದಕ್ಕೆ ಕಾರಣ.

ಈ ಶುದ್ಧತೆ ನನಗೆ ಎಷ್ಟು ದುಬಾರಿಯಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಗಂಗೊಳ್ಳಿಯ ಅಳಿವೆಯಿಂದ ತುಸು ಒಳಗೆ, ಹೊಳೆಯ ನಡುವೆ ಇರುವ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ತೆಂಗು, ತೆಂಗುಗಳ ಕೆಳಗೆ ಒಂದಿಷ್ಟು ಮೀನುಗಾರರ ಮನೆಗಳು. ಆಚೆ ದಡಕ್ಕೆ ಹೋಗಬೇಕೆಂದರೆ ದೋಣಿ. ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅಕ್ಕ ಗುಲಾಬಿ. 'ಏ ಹೆಣೆ, ಏಳ್', 'ಏ ಹೆಣೆ, ಉಣ್', 'ಏ ಹೆಣೆ, ದೋಣಿ ಹೋತಿತ್ತ್, ಓಡ್' ಎಂಬ ಮೂರು ವಾಕ್ಯಗಳಲ್ಲಿ ನನ್ನ ಬಾಲ್ಯವೆಲ್ಲ ಅಡಗಿದೆ. ಹೆಣೆ ಎಂದರೆ ಹುಡುಗಿ ಎಂದಷ್ಟೇ ಅರ್ಥ. ಆದರೆ ಅಕ್ಕನ ಬಾಯಲ್ಲಿ ಅದು ನನ್ನ ಹೆಸರಿಗಿಂತ ಹೆಚ್ಚು ನನ್ನದಾಗಿತ್ತು. ಘಟಿಕೋತ್ಸವ ಮುಗಿಸಿ, ಕಪ್ಪು ನಿಲುವಂಗಿಯ ಪಟ ಹಿಡಿದುಕೊಂಡು ಮನೆಗೆ ಬಂದೆ. ಅಕ್ಕ ಪಟವನ್ನು ಸೆರಗಿನಿಂದ ಒರೆಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದಳು. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಾ ಕುಡಿತ್ರ್ಯಾ?" ಎಂದು ಕೇಳಿದಳು. ಮನೆಗೆ ಯಾರೋ ದೊಡ್ಡವರು ಬಂದಿರಬೇಕೆಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ದೊಡ್ಡವರು ನಾನೇ ಆಗಿದ್ದೆ.

ಅಂದಿನಿಂದ ನಾನು ಅಕ್ಕನಿಗೆ ಬಹುವಚನವಾದೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳ ಮಟ್ಟಿಗೆ ಅದು ಹೆಮ್ಮೆ. ಬೇಡವೆಂದು ನಾನು ಒಮ್ಮೆ ಬೇಡಿಕೊಂಡಾಗ, "ಓದ್ದವ್ರಿಗೆ ಹಾಂಗ್ ಹೇಳುಕಾತ್ತಾ? ನಾಲ್ಕ್ ಜನ ಎಂತ ಹೇಳ್ತ್ರ್?" ಎಂದಳು. ಇಡೀ ಕುದ್ರು ಅವಳ ಮಾದರಿಯನ್ನೇ ಅನುಸರಿಸಿತು. ಗುಲಾಬಿಯೇ 'ಬನಿ' ಎನ್ನುವಾಗ ಬೇರೆಯವರು 'ಬಾ' ಎನ್ನುವುದು ಹೇಗೆ? ಕೆಲಸ ಸಿಕ್ಕಿ ಕೋಟೇಶ್ವರದಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ ನಾನು ರಜೆಯ ದಿನಗಳಲ್ಲಿ ಕುದ್ರುವಿಗೆ ಹೋದರೆ, ಅಕ್ಕ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ, "ಬನಿ, ಕೂಕಣಿ" ಎನ್ನುತ್ತಾಳೆ. ನೆಂಟರಿಗೆಂದೇ ಕಪಾಟಿನಲ್ಲಿರುವ ಹೂವಿನ ಚಿತ್ರದ ಲೋಟದಲ್ಲಿ ಚಹಾ ಬರುತ್ತದೆ. ಅಡುಗೆಮನೆಯ ನೆಲದ ಮೇಲೆ ಕುಳಿತು, ಅವಳು ಬಂಗುಡೆ ಸೀಳುವುದನ್ನು ನೋಡುತ್ತಾ, ಅಂಚು ನೆಗ್ಗಿದ ಹಳೆಯ ಸ್ಟೀಲ್ ಲೋಟದಲ್ಲಿ ಚಹಾ ಹೀರಬೇಕೆಂಬುದು ನನ್ನ ಬಹುದಿನಗಳ ಆಸೆ. ಅರ್ಜಿ ಸಲ್ಲಿಸಲು ಸೂಕ್ತ ಪ್ರಾಧಿಕಾರ ಯಾವುದೆಂದು ತಿಳಿಯದೆ ಸುಮ್ಮನಿದ್ದೇನೆ.

ಇರಲಿ, ಪೂರ್ವಸಿದ್ಧತೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಘಟ್ಟದ ಮೇಲಿನವರು. ಅತ್ಯಂತ ಸಜ್ಜನರು, ಅಷ್ಟೇ ಶ್ರದ್ಧಾವಂತರು. ಮಳೆಗಾಲಕ್ಕೆ ಮೊದಲು ನೆರೆ ಬರುವ ಜಾಗಗಳನ್ನೆಲ್ಲ ಕಣ್ಣಾರೆ ಕಾಣಬೇಕೆಂದು ಹೊರಟು, ನನ್ನನ್ನು ಜತೆಗೆ ಕರೆದುಕೊಂಡು ನಮ್ಮ ಕುದ್ರುವಿಗೂ ಬಂದರು. ಅಲ್ಲಿ ಅವರ ಪ್ರಶ್ನೆಗಳಿಗೆ ಉತ್ತರ ಕೊಡಲು ಮುಂದೆ ನಿಂತವಳು ಪದ್ದಕ್ಕ. ಪದ್ದಕ್ಕ ಅಕ್ಕನ ನೆರೆಮನೆಯವಳು, ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳು, ಹಾಗಾಗಿ ಯಾರೆದುರೂ ಬಾಯಿ ಕಟ್ಟುವುದಿಲ್ಲ.

"ಇಲ್ಲಿ ದೋಣಿ ಇದೆಯೇನಮ್ಮ?" ಎಂದರು ಸಾಹೇಬರು.

"ಇತ್ತ್."

"ಛೇ! ಈಗ ಏನಾಯಿತು?"

"ಎಂತ ಆಪುದ್? ಈಗ್ಳೂ ಇತ್ತ್."

"ಟಾರ್ಚು, ಹಗ್ಗ?"

"ಎಲ್ಲ ಇತ್ತ್ ಮಾರಾಯ್ರೆ."

ಸಾಹೇಬರ ಮುಖ ಕಳೆಗುಂದಿತು. ಒಂದು ಕಾಲದಲ್ಲಿ ಎಲ್ಲವೂ ಇದ್ದು ಈಗ ಏನೂ ಉಳಿಯದ ಆ ಬಡ ಕುದ್ರುವಿನ ಬಗ್ಗೆ ಅವರಿಗೆ ಅಪಾರ ಮರುಕವುಂಟಾಯಿತು. ನಾನು ಮಧ್ಯೆ ಪ್ರವೇಶಿಸಿ, "ಸಾರ್, ಪುಸ್ತಕದ ಕನ್ನಡದಲ್ಲಿ 'ಇತ್ತು' ಎಂಬುದು ಭೂತಕಾಲ. ನಮ್ಮ ಕುಂದಾಪುರದ ಕಡೆ 'ಇತ್ತ್' ಎಂದರೆ ಈಗ ಇದೆ ಎಂದರ್ಥ" ಎಂದು ವಿವರಿಸಿದೆ. ಅವರು, "ಹಾಗಾದರೆ ಇದ್ದದ್ದು ಯಾವುದೂ ನಿಮ್ಮಲ್ಲಿ ಹೋಗುವುದೇ ಇಲ್ಲ ಅನ್ನಿ" ಎಂದರು. ತಮಾಷೆಗೆ ಅಂದದ್ದೇ ಇರಬೇಕು. ನನಗೇಕೋ ಅಂದು ಊಟ ಸೇರಲಿಲ್ಲ.

ಅಣಕು ಕಾರ್ಯಾಚರಣೆಗೆ ಅದೇ ಕುದ್ರುವನ್ನು ಆರಿಸಲಾಯಿತು. ನೆರೆ ಬಂದಿದೆಯೆಂದು ಭಾವಿಸಿ, ಜನರೆಲ್ಲ ದೋಣಿಯೇರಿ ಈಚೆ ದಡದ ಶಾಲೆಗೆ ಬರಬೇಕು; ಅದೇ ಆಶ್ರಯ ಕೇಂದ್ರ. ನಾನು ದಡದಲ್ಲಿ ನಿಂತು ಧ್ವನಿವರ್ಧಕದಲ್ಲಿ ಓದಿದೆ: "ಮಾನ್ಯ ನಾಗರಿಕರೇ, ನದಿಯ ನೀರಿನ ಮಟ್ಟವು ಅಪಾಯಕರವಾಗಿ ಏರುತ್ತಿರುವುದೆಂದು ಪರಿಭಾವಿಸಿ, ತಾವೆಲ್ಲರೂ ವಿಳಂಬವಿಲ್ಲದೆ ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಗೊಳ್ಳತಕ್ಕದ್ದು." ಒಂದೇ ಒಂದು ಕಾಗುಣಿತ ದೋಷವಿರದ ಆ ವಾಕ್ಯ ಹೊಳೆಯ ಮೇಲೆ ಗಂಭೀರವಾಗಿ ತೇಲಿಹೋಯಿತು. ಆಚೆ ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಸುಡುಬಿಸಿಲಿನಲ್ಲಿ ಒಮ್ಮೆ ತಲೆಯೆತ್ತಿ ನೋಡಿ, ಗೌರವದಿಂದ ಕೈಮುಗಿದು, ಮತ್ತೆ ಬಲೆ ಹರಡತೊಡಗಿದರು. ಕರೆತರಲು ಹೋದ ದೋಣಿ ಒಂದು ನಾಯಿಯನ್ನು ಹತ್ತಿಸಿಕೊಂಡು ಬಂತು. ಅದು ದಿನಾಲೂ ಬರುವ ನಾಯಿಯಂತೆ.

ಮರುದಿನ ಬುಟ್ಟಿ ಹೊತ್ತು ಕಚೇರಿಯ ಮುಂದೆ ಹಾದುಹೋಗುತ್ತಿದ್ದ ಪದ್ದಕ್ಕನನ್ನು ತಡೆದು ಕಾರಣ ಕೇಳಿದೆ.

"ಹ್ವಾಯ್, ಒಳ್ಳೆ ಕಥಿ ನಿಮ್ದ್! ಮೈಕಂಗೆ ಕೂಗ್ರೆ ಹೇಳ್ಕಿ ಆತ್ತಾ? ಹೇಳ್ಕಿ ಇಲ್ದೆ ಬಪ್ಪುಕೆ ನಾವೆಂತ ಮರ್ಯಾದಿ ಇಲ್ದ್ ಜನವಾ?"

ಇದನ್ನು ನಾನು ಸಾಹೇಬರಿಗೆ, "ಜನರು ಹೇಳಿಕೆಯನ್ನು ನಿರೀಕ್ಷಿಸುತ್ತಿದ್ದಾರೆ ಸಾರ್" ಎಂದು ಶುದ್ಧವಾಗಿ ಭಾಷಾಂತರಿಸಿ ತಿಳಿಸಿದೆ. ಅವರಿಗೆ ಹೇಳಿಕೆಯೆಂದರೆ ಪತ್ರಿಕಾ ಹೇಳಿಕೆಯಂಥದ್ದು. "ಸರಿ, ಮನೆಮನೆಗೆ ತೆರಳಿ ಹೇಳಿಕೆ ನೀಡಿ" ಎಂದು ಅಪ್ಪಣೆ ಮಾಡಿದರು. ನಮ್ಮ ಕಡೆ ಹೇಳಿಕೆಯೆಂದರೆ ಮದುವೆ ಮುಂಜಿಗಳಿಗೆ ಕರೆಯುವುದು. ಅಂಗಳದಲ್ಲಿ ನಿಂತು, ಮನೆಯ ಹಿರಿಯರನ್ನು ಹೆಸರು ಹಿಡಿದು ಮಾತಾಡಿಸಿ, 'ಎಲ್ರೂ ಬರ್ಕ್' ಎಂದು ಬಾಯಿಯಿಂದ ಹೇಳಬೇಕು. ಬಂಗಾರದ ಅಕ್ಷರಗಳ ಕಾಗದ ಕೊಟ್ಟರೂ ಬಾಯಲ್ಲಿ ಹೇಳದಿದ್ದರೆ ಪಕ್ಕದ ಮನೆಯ ಮದುವೆಗೂ ಯಾರೂ ಹೋಗುವುದಿಲ್ಲ. ಬೇಲಿಯಾಚೆಯಿಂದ ಪಾಯಸದ ಪರಿಮಳ ಕುಡಿದು ತೃಪ್ತರಾಗುತ್ತಾರೆ. ಇದೆಲ್ಲ ನನಗೆ ಹುಟ್ಟಿನಿಂದ ಗೊತ್ತು. ಆದರೂ ಕಚೇರಿಯ ಆದೇಶದಲ್ಲಿ ಬಂದ ಕೂಡಲೇ ಅದು ಪುಸ್ತಕದ ಶಬ್ದವಾಗಿ, ನಾನು ಅದರ ಹಿಂದೆ ಪುಸ್ತಕದವಳಾಗಿ ಹೊರಟೆ.

ಮೊದಲನೆಯ ಅಂಗಳದಲ್ಲೇ ಪದ್ದಕ್ಕ ಎದುರಾದಳು. "ಎಂತ ವಿಶೇಷ?"

"ಅಣಕು ಪ್ರವಾಹ."

"ಯಾರ್ನ ಅಣಕ್ಸುದ್?"

"ಯಾರನ್ನೂ ಅಲ್ಲ. ನೆರೆ ಬಂದಂತೆ ನಟಿಸುವುದು. ತಾವು ಶಾಲೆಗೆ ಬರಬೇಕು."

"ಊಟ ಇತ್ತಾ?"

"ಗಂಜಿಯ ವ್ಯವಸ್ಥೆ ಇರುತ್ತದೆ."

"ಗಂಜಿಯಾ?" ಎಂದು ಪದ್ದಕ್ಕ ಸ್ವಲ್ಪ ಯೋಚಿಸಿ, "ಇರ್ಲಿ, ಹೇಳ್ಕಿ ಮಾಡುಕ್ ಬಂದ್ ಮ್ಯಾಲೆ ಇಲ್ಲ ಅಂಬುಕಾತ್ತಾ? ಬತ್ತೊ" ಎಂದಳು. ಹೀಗೆ ಒಂದೊಂದೇ ಅಂಗಳ ಮುಗಿಸಿ ಅಕ್ಕನ ಅಂಗಳ ತಲುಪಿದೆ. ಅಷ್ಟು ಹೊತ್ತಿಗೆ ಆ ಒಕ್ಕಣೆ ನನ್ನ ನಾಲಗೆಯ ಮೇಲೆ ಚೆನ್ನಾಗಿ ಪಳಗಿತ್ತು. ಅಕ್ಕ ಕುರ್ಚಿ ಒರೆಸಿ, "ಬನಿ, ಕೂಕಣಿ" ಎಂದಳು. ಆ ಬಹುವಚನ ಕಿವಿಗೆ ಬಿದ್ದರೆ ನಾನು ಗಾಬರಿಯಿಂದ ಇನ್ನಷ್ಟು ಶುದ್ಧಳಾಗುತ್ತೇನೆ. ನಿಂತಲ್ಲಿಂದಲೇ, "ತಾವು ಕುಟುಂಬ ಸಮೇತರಾಗಿ ಆಗಮಿಸಿ ಸಹಕರಿಸಬೇಕು" ಎಂದುಬಿಟ್ಟೆ.

ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೆಯೇ ನಿಂತಿತು. "ನಂಗೂ ಹೇಳ್ಕಿಯಾ?" ಎಂದಳು.

ನಮ್ಮಲ್ಲಿ ಮನೆಯವರಿಗೆ ಯಾರೂ ಹೇಳಿಕೆ ಮಾಡುವುದಿಲ್ಲ. ಮನೆಯವರು ಹೇಳಿಕೆ ಮಾಡುವವರ ಜತೆಗೆ ಹೋಗುವವರು, ಹಿಂದಿನ ದಿನವೇ ಬಂದು ತೆಂಗಿನಕಾಯಿ ತುರಿಯುವವರು, ಎಲ್ಲರೂ ಉಂಡ ಮೇಲೆ ಉಣ್ಣುವವರು. ಹೇಳಿಕೆ ಹೊರಗಿನವರಿಗೆ. ನನ್ನ ಬಾಯಿ ಏನನ್ನಾದರೂ ಸರಿಪಡಿಸಲು ತೆರೆಯಿತು. ಆದರೆ ಒಳಗಿನಿಂದ ಸರಿಯಾದ ವಾಕ್ಯವೊಂದು ರೂಪುಗೊಂಡು ಬರುವ ಮೊದಲೇ ಅಕ್ಕ, "ಆಯ್ತ್, ಬತ್ತೊ" ಎಂದು ಒಳಗೆ ಹೋದಳು. ಹೂವಿನ ಲೋಟದಲ್ಲಿ ಚಹಾ ಬಂತು.

ಎರಡನೆಯ ಕಾರ್ಯಾಚರಣೆ ಅಭೂತಪೂರ್ವ ಯಶಸ್ಸು ಕಂಡಿತು. ಕುದ್ರುವಿಗೆ ಕುದ್ರುವೇ ಬಂತು. ಗಂಡಸರು ಇಸ್ತ್ರಿ ಮಾಡಿದ ಪಂಚೆ, ಹೆಂಗಸರು ಜರಿ ಸೀರೆ, ಮುಡಿಯ ತುಂಬ ಮಲ್ಲಿಗೆ. ವಿಳಂಬವಿಲ್ಲದೆ ಬರಬೇಕೆಂದಿದ್ದರೂ, ಮರ್ಯಾದಸ್ಥರು ಬರುವ ಹೊತ್ತಿಗೆ, ಅಂದರೆ ಸರಿಯಾಗಿ ಊಟದ ಹೊತ್ತಿಗೆ ಬಂದರು. ನೆರೆ ಅಷ್ಟು ಹೊತ್ತು ಕಾದಿತ್ತೆಂದು ಪರಿಭಾವಿಸಲಾಯಿತು. ಬರಿಗೈಯಲ್ಲಿ ಬರಬಾರದೆಂದು ಪದ್ದಕ್ಕ ಒಂದು ಚಿಪ್ಪು ಬಾಳೆಹಣ್ಣು ತಂದು ಸಾಹೇಬರ ಕೈಯಲ್ಲಿಟ್ಟಳು. "ಸಂತ್ರಸ್ತರಲ್ಲಿ ಎಂಥ ಶಿಸ್ತು!" ಎಂದು ಸಾಹೇಬರು ಕಣ್ಣು ತುಂಬಿಕೊಂಡರು.

ಅಕ್ಕನೂ ಬಂದಿದ್ದಳು, ಮದುವೆಗೆ ಮಾತ್ರ ಉಡುವ ನೀಲಿ ಸೀರೆಯಲ್ಲಿ. ಯಾರ ಮನೆಗೆ ಹೋದರೂ ಒಂದು ಗಳಿಗೆ ಕೂರದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಒಲೆಯ ಬಳಿಗೆ ನುಗ್ಗುವ ಅಕ್ಕ, ಅಂದು ಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲೆ ಕೈ ಜೋಡಿಸಿಕೊಂಡಿದ್ದಳು. ಬಡಿಸುವವರು ಸಾಲದೆ ಗಂಜಿ ತಣಿಯುತ್ತಿತ್ತು. ಅವಳು ಅತ್ತ ನೋಡುತ್ತಿದ್ದಳು, ಏಳಲಿಲ್ಲ. ಉಂಡು, ಕೈತೊಳೆದು, ನನ್ನೆದುರು ಬಂದು, "ಎಲ್ಲ ಚಂದ ಆಯ್ತ್. ಹಾಂಗಾರೆ ಬತ್ತೊ" ಎಂದು ಹೇಳಿ ದೋಣಿಯೇರಿದಳು. ಹೇಳಿಕೆಗೆ ಬಂದವರು ಹೊರಡುವಾಗ ಹೇಳುವ ಮಾತು ಅದು. ಅದರಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಲೋಪವಿಲ್ಲದ ಮಾತು ಎಷ್ಟು ತಣ್ಣಗಿರುತ್ತದೆಂದು ಇನ್ನೊಬ್ಬರ ಬಾಯಿಂದ ಕೇಳಿದಾಗ ತಿಳಿಯಿತು.

ನಿಜವಾದ ನೆರೆ ಮಾತ್ರ ಯಾರ ಹೇಳಿಕೆಗೂ ಕಾಯದೆ ಬಂತು. ಬಿಡದೆ ಸುರಿದ ಮಳೆಯ ಮೇಲೆ ಒಂದು ಮಧ್ಯಾಹ್ನ, ಉಬ್ಬರದ ಕಡಲು ಹೊಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ತಳ್ಳತೊಡಗಿತು. ನಾವು ದಡ ಮುಟ್ಟುವಾಗ ಕುದ್ರುವಿನ ಅಂಚಿನ ತೆಂಗುಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು. ಮನೆಗಳು ತುಸು ಎತ್ತರದಲ್ಲಿ, ಬಾಗಿಲು ಮುಚ್ಚಿಕೊಂಡು, ಮಳೆಯ ಸದ್ದಿನೊಳಗೆ ಬೆಚ್ಚಗೆ ಕುಳಿತಿದ್ದವು. ದೋಣಿಗಳು ಸಿದ್ಧವಾಗಿದ್ದವು. ಸಾಹೇಬರು ಕೊಡೆ ಹಿಡಿದರು, ನಾನು ಧ್ವನಿವರ್ಧಕ ಹಿಡಿದೆ.

"ಮಾನ್ಯ ನಾಗರಿಕರೇ, ನದಿಯ ನೀರಿನ ಮಟ್ಟವು..."

ಒಂದು ಬಾಗಿಲೂ ತೆರೆಯಲಿಲ್ಲ. ಇದು ಅಣಕು ಅಲ್ಲವೆಂದು ಅವರಿಗೆ ತಿಳಿಯುವುದು ಹೇಗೆ? ಅದೇ ಹೆಂಗಸು, ಅದೇ ಮೈಕು, ಅದೇ 'ಮಾನ್ಯ'. ಅಂಗಳ ಅಂಗಳ ಸುತ್ತಿ ಹೇಳಿಕೆ ಮಾಡಲು ನೀರು ಬಿಡುವಂತಿರಲಿಲ್ಲ. "ನಿಮ್ಮ ಭಾಷೆಯಲ್ಲೇ ಹೇಳಿ, ನಿಮ್ಮ ಭಾಷೆಯಲ್ಲಿ!" ಎಂದು ಸಾಹೇಬರು ಗಡಿಬಿಡಿ ಮಾಡಿದರು.

ನಾನು ಬಾಯಿ ತೆರೆದೆ. 'ಬನಿ' ಎನ್ನಲೇ, 'ಬರ್ಕ್' ಎನ್ನಲೇ? 'ಹೊಳಿ ಬಂತ್' ಸರಿಯೇ, 'ನೀರ್ ಏರ್ತಿತ್ತ್' ಸರಿಯೇ? ಪುಸ್ತಕದ ಕನ್ನಡವನ್ನು ತಪ್ಪಿಲ್ಲದೆ ಆಡಲು ಇಷ್ಟು ವರ್ಷ ಹೆದರಿದವಳು, ಈಗ ತಾಯಿಯ ಮನೆಯ ಕನ್ನಡವನ್ನು ತಪ್ಪಿಲ್ಲದೆ ಆಡಬೇಕಲ್ಲ ಎಂದು ಹೆದರಿದೆ. ಎರಡು ಭಾಷೆಗಳ ನಡುವೆ, ಕುದ್ರುವಿನ ಹಾಗೆ, ಸುತ್ತ ನೀರಿನಲ್ಲಿ ನಿಂತಿದ್ದೆ. ಅಕ್ಕನ ಮನೆಯ ಹಿಂದಿನ ಕೋಳಿಗೂಡು ಮೆಲ್ಲನೆ ಓಲಾಡಿ ತೇಲಿಹೋಗುವುದು ಕಂಡಿತು. ಆಗ ನನಗೆ ಎರಡೂ ಕನ್ನಡಗಳಲ್ಲಿ ಒಂದೇ ಆಗಿರುವ, ತಿದ್ದುವುದಕ್ಕೇ ಜಾಗವಿಲ್ಲದ ಒಂದು ಶಬ್ದ ಸಿಕ್ಕಿತು.

"ಅಕ್ಕಾ!"

ಕುದ್ರುವಿನಲ್ಲಿ ಯಾರಿಗೂ ಅಕ್ಕನಾಗದ ಹೆಂಗಸು ಒಬ್ಬಳೂ ಇಲ್ಲ. ಬಾಗಿಲುಗಳೆಲ್ಲ ತೆರೆದವು. "ಅಕ್ಕಾ! ಅಕ್ಕಾ!" ಎಂದು ನಾನು ಮತ್ತೆ ಮತ್ತೆ ಕೂಗುತ್ತಲೇ ಇದ್ದೆ, ಬೇರೆ ಶಬ್ದಗಳಿದ್ದವೆಂಬುದೇ ನೆನಪಿರಲಿಲ್ಲ. ಮಳೆಯೊಳಗಿನಿಂದ, ಮೈಕಿಲ್ಲದೆಯೂ ಮೈಕನ್ನು ಮೀರಿಸುವ ಧ್ವನಿಯೊಂದು ಬಂತು:

"ಎಂತಾ ಹೆಣೇ! ಬೊಬ್ಬಿ ಹೊಡೀಬೇಡ, ಬತ್ತೆ!"

ಆಮೇಲೆ ಅಂಗಳ ಅಂಗಳಕ್ಕೆ ಹೋದವಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ತುಳಿಯುತ್ತಾ, ಒಂದೊಂದು ಬಾಗಿಲಲ್ಲೂ ಅವಳು ಕೂಗುತ್ತಿದ್ದುದು ಈಚೆ ದಡಕ್ಕೆ ಕೇಳುತ್ತಿತ್ತು: "ಹ್ವಾಯ್ ಪದ್ದಕ್ಕಾ, ಏಳಿ! ನಮ್ಮನಿ ಹೆಣ್ ಕರೀತಿತ್ತ್, ಹೊಳಿ ಬಂತಂಬ್ರ್!"

"ಸೀರಿ ಬದ್ಲಾಯ್ಸ್ಕಂಡ್ ಬತ್ತೆ ಗುಲಾಬೀ!"

"ಎಂತ ಮದಿ ಹೇಳ್ಕಿಯಾ ನಿಮ್ಗೆ? ಉಟ್ಟದ್ರಗೇ ಬನಿ!"

ಎಲ್ಲರೂ ಬಂದರು, ಉಟ್ಟದ್ದರಲ್ಲೇ ಬಂದರು. ಕೊನೆಯ ದೋಣಿಯಲ್ಲಿ ಅಕ್ಕ, ಬಾವ, ಮತ್ತು ಅಣಕಿಗೆ ಎಲ್ಲರಿಗಿಂತ ಮೊದಲು ಬಂದಿದ್ದ ಆ ನಾಯಿ. ಶಾಲೆಯೊಳಗೆ ಕಾಲಿಟ್ಟವಳೇ ಅಕ್ಕ ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡು, "ಗಂಜಿಗ್ ಉಪ್ಪೇ ಇಲ್ಲ, ಯಾರ್ ಮಾಡದ್ದ್?" ಎಂದು ಒಲೆಯ ಕಡೆ ನಡೆದಳು. ಹೇಳಿಕೆಯಿಲ್ಲದೆ ಬಂದವಳು ಮನೆಯವಳಾದಳು. ನಾನು ಬಾಗಿಲಲ್ಲಿ ಒದ್ದೆ ಸೀರೆ ಹಿಂಡುತ್ತಾ, ಒಳಗೆ ಬರಬಹುದೋ ಬಾರದೋ ಎಂಬಂತೆ ನಿಂತಿದ್ದೆ. ಎಲ್ಲರಿಗೂ ಬಡಿಸಿ ಮುಗಿದ ಮೇಲೆ, ತರಗತಿಯ ನೆಲದಲ್ಲಿ ಹಾಸಿದ್ದ ಚಾಪೆಯ ಮೇಲೆ ತನ್ನ ತಟ್ಟೆಯೊಂದಿಗೆ ಕುಳಿತ ಅಕ್ಕ ತಲೆಯೆತ್ತಿ ನನ್ನನ್ನು ನೋಡಿ, ತುಸು ಸರಿದು, ಪಕ್ಕದ ಚಾಪೆಯನ್ನು ಅಂಗೈಯಿಂದ ತಟ್ಟಿದಳು.

"ಎಂತಕ್ ನಿಂತದ್? ಬಾ, ಕೂಕೊ. ನಿಂಗ್ ಜಾಗ ಇತ್ತ್."

ಆ ಗಂಜಿಗೆ ಉಪ್ಪು ಎಷ್ಟಿತ್ತೆಂದು ಈಗ ಹೇಳಲಾರೆ. ನನ್ನ ಕಣ್ಣಿನಿಂದಲೂ ಸ್ವಲ್ಪ ಸೇರಿರಬೇಕು.

ನೀರು ಇಳಿಯಿತು, ಜನರು ಮರಳಿದರು. ಸಾಹೇಬರು ನನ್ನ ಕೂಗನ್ನು ಸಂವಹನದಲ್ಲಿ ಒಂದು ಹೊಸ ವಿಧಾನವೆಂದು ಭಾವಿಸಿ ಎಲ್ಲೆಡೆ ಹೊಗಳಿದ್ದರಿಂದ, ಪ್ರಕಟಣೆಗಳನ್ನು 'ಅಕ್ಕಾ' ಎಂಬ ಸಂಬೋಧನೆಯಿಂದ ಆರಂಭಿಸುವುದು ಉತ್ತಮವೆಂಬ ಸಲಹೆ ಬೈಂದೂರಿನಿಂದ ಬ್ರಹ್ಮಾವರದವರೆಗೂ ಹಬ್ಬಿದೆ. ಬೈಂದೂರಿನ ಕಡೆ ದಪ್ಪ ಮೀಸೆಯ ಸಹೋದ್ಯೋಗಿಯೊಬ್ಬರು ಬಹಳ ನಾಚಿಕೊಂಡು ಹಾಗೆ ಕೂಗಿದಾಗ, ಅವರ ಸ್ವಂತ ಅಕ್ಕ ಹೊರಗೆ ಬಂದು, ತೋಟದ ಪಾಲಿನ ವಿಷಯ ಮಾತಾಡಲು ಇದೇ ಸಮಯವೇ ಎಂದು ಕೇಳಿದರಂತೆ. ಒಂದೇ ಮದ್ದು ಎಲ್ಲರಿಗೂ ಹಿಡಿಸುವುದಿಲ್ಲ.

ಮುಂದಿನ ರಜೆಯಲ್ಲಿ ನಾನು ಹಾರುವ ಹೆಜ್ಜೆಯಲ್ಲಿ ಕುದ್ರುವಿಗೆ ಹೋದೆ. ನೇರವಾಗಿ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತುಬಿಡುವುದೆಂದು ದೋಣಿಯಲ್ಲೇ ನಿಶ್ಚಯಿಸಿದ್ದೆ. ಅಕ್ಕ ಚಾವಡಿಯಲ್ಲಿದ್ದಳು. ನೆರೆಯಲ್ಲಿ ಕೆಸರಾಗಿದ್ದ ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ನನ್ನ ಕಪ್ಪು ನಿಲುವಂಗಿಯ ಪಟವನ್ನು ಮತ್ತೆ ದೇವರ ಸಾಲಿಗೆ ಏರಿಸಿದ್ದಳು. ಮನೆ ಬಿಡುವಾಗ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ತಂದದ್ದು ಅದೊಂದನ್ನೇ ಎಂದು ಬಾವ ಹೇಳಿದರು. ನನ್ನನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು. ಸೆರಗಿನಿಂದ ಕುರ್ಚಿ ಒರೆಸಿ, "ಬನಿ, ಕೂಕಣಿ" ಎಂದಳು.

ಕುಳಿತೆ. ಹೂವಿನ ಲೋಟವೂ ನೆರೆಯಲ್ಲಿ ಒಡೆಯದೆ ಉಳಿದುಕೊಂಡಿತ್ತು.

ಸರಕಾರಿ ನೌಕರಳಾಗಿ ನಾನು ನೆರೆ ಬಾರದಿರಲೆಂದು ಹಾರೈಸಬೇಕಾದವಳು; ಹಾರೈಸುತ್ತೇನೆ ಕೂಡ. ಆದರೆ ಪಡುವಣದಲ್ಲಿ ಮೋಡ ಕಪ್ಪಿಟ್ಟಾಗ ನನ್ನ ಎದೆಯ ಬಡಿತ ಪೂರ್ತಿ ಕರ್ತವ್ಯಪ್ರಜ್ಞೆಯಿಂದಲೇ ಹೆಚ್ಚುತ್ತದೆಂದು ಪ್ರಮಾಣ ಮಾಡಿ ಹೇಳಲಾರೆ. ಮಧ್ಯಮಾರ್ಗವಾಗಿ, ನಮ್ಮ ಕುದ್ರುವಿನಲ್ಲಿ ಅಣಕು ಕಾರ್ಯಾಚರಣೆಯನ್ನು ತಿಂಗಳಿಗೊಮ್ಮೆ ನಡೆಸಬೇಕೆಂದು ಸಾಹೇಬರಲ್ಲಿ ವಿನಂತಿಸಿಕೊಂಡೆ. ಅವರಿಗೆ ನನ್ನ ಉತ್ಸಾಹ ಕಂಡು ಅಚ್ಚರಿಯಾಯಿತು.

"ಆ ಕುದ್ರುವಿನ ಮೇಲೆ ನಿಮಗೆ ಎಷ್ಟೊಂದು ಕಾಳಜಿ! ಅಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?"

ಕಚೇರಿಯೊಳಗೆ ಎಂದೂ ಆಡದ ಕನ್ನಡ, ತಿದ್ದುವ ಮೊದಲೇ ಬಾಯಿಂದ ಜಾರಿತು. "ಇತ್ತ್ ಸಾರ್. ಅಕ್ಕ."

ಸಾಹೇಬರು ನಾನು ಕಲಿಸಿದ್ದನ್ನು ಮರೆತಿದ್ದರು. ಲೇಖನಿಯನ್ನು ಕೆಳಗಿಟ್ಟು, ದನಿ ತಗ್ಗಿಸಿ, "ಅಯ್ಯೋ... ಈಗ ಇಲ್ಲವೇನಮ್ಮ?" ಎಂದು ಕೇಳಿದರು.

ಬೇರೆ ದಿನವಾಗಿದ್ದರೆ ಕಾಲಪ್ರತ್ಯಯವನ್ನು ಮತ್ತೊಮ್ಮೆ ವಿವರಿಸುತ್ತಿದ್ದೆ. ಅಂದು ಮಾತ್ರ ಯಾವ ಕಾಲ ಸರಿಯೆಂದು ನನಗೇ ಬಗೆಹರಿಯಲಿಲ್ಲ. ಬಹಳ ಯೋಚಿಸಿ, "ಮಳೆಗಾಲದಲ್ಲಿ ಇರುತ್ತಾಳೆ ಸಾರ್" ಎಂದೆ.

ವ್ಯಾಕರಣದ ಮಟ್ಟಿಗೆ ಆ ವಾಕ್ಯದಲ್ಲಿ ದೋಷವೇನೂ ಇರಲಿಲ್ಲ.